ಭಾಂಡುಪಿನ ಬಿಡದಿ: ಗುಡ್ಡ-ಖಾಡಿಗಳ ನಡುವೆ ಕಿರಿಯ ಅತಿಥಿಗೃಹವೊಂದರ ನಿರ್ಮಾಣ ವಿಚಾರ

೧೮೪೩ರಲ್ಲಿ ಮುಂಬಯಿ ಸರಕಾರದ ಮುಖ್ಯ ಇಂಜಿನಿಯರನಾಗಿದ್ದ ಜಾರ್ಜ್ ಕ್ಲಾರ್ಕನು ಭಾಂಡುಪಿಗೆ ಬಂದಿದ್ದಾಗ, ಮುಂಬಯಿಯನ್ನು ಠಾಣೆ-ಕಲ್ಯಾಣಗಳಿಗೂ ಘಟ್ಟದ ಮೇಲಣ ಸೀಮೆಗೂ ಜೋಡಿಸುವ ರೈಲುದಾರಿಯ ವಿಚಾರವು ಅವನಿಗೆ ಮೊದಲು ಹೊಳೆಯಿತೆಂದು ರೈಲ್ವೆಯ ಚರಿತ್ರೆಯಲ್ಲಿ ಹೇಳಿಕೆಯಿದೆ. ಹತ್ತು ವರ್ಷಗಳ ತರುವಾಯ, ೧೮೫೩ರ ಏಪ್ರಿಲ್ ೧೬ರಂದು, ಈ ದೇಶದ ಮೊದಲನೆಯ ಪ್ರಯಾಣಿಕರ ಗಾಡಿಯು ಇದೇ ಊರಿನ ಮಗ್ಗುಲಿನಿಂದ ಠಾಣೆಗೆ ಹೊಗೆಯುಗುಳುತ್ತ ಸಾಗಿತು. ಅತಿಥಿಯಾಗಿ ಬಂದವನೊಬ್ಬನ ಮನಸ್ಸಿನಲ್ಲಿ ಹುಟ್ಟಿದ ಯೋಚನೆಯು ಊರಿನ ರೂಪವನ್ನೇ ಬದಲಿಸಿದ ನಿದರ್ಶನವಿದು. ಅಂದು ಗದ್ದೆ, ಉಪ್ಪಿನಾಗರ, ಕಾಡುಗಳಿಂದ ಕೂಡಿದ್ದ ಭಾಂಡುಪು ಇಂದು ಲಕ್ಷಾಂತರ ಜನರ ಉಪನಗರ. ಆದರೂ ಅದರ ಪಡುವಣದಲ್ಲಿ ಕಾಡು ಉಳಿದಿದೆ, ಮೂಡಣದಲ್ಲಿ ಖಾಡಿ ಉಳಿದಿದೆ. ಇಂತಹ ಎಡೆಯಲ್ಲಿ ಪ್ರಕೃತಿಯನ್ನು ಕಾಣಬಯಸುವ ಪ್ರವಾಸಿಗೆ ನಾಲ್ಕಾರು ಕೋಣೆಗಳ ತಂಗುಮನೆಯೊಂದನ್ನು ಕಟ್ಟಬಹುದೇ, ಕಟ್ಟುವುದಾದರೆ ಹೇಗೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ನುಡಿಯಲ್ಲಿ ತಂಗುದಾಣಕ್ಕೆ ಹೆಸರುಗಳ ಕೊರತೆಯಿಲ್ಲ. ದಾರಿಹೋಕನಿಗೆ ಛತ್ರ, ಅಧಿಕಾರಿಗೆ ಪ್ರವಾಸಿ ಮಂದಿರ, ದಂಡಿಗೆ ಬೀಡು, ಸಂಸಾರಕ್ಕೆ ಬಿಡಾರ, ಮದುವೆಗೆ ಬಂದ ಬೀಗರಿಗೆ ಬಿಡದಿ. ಇವುಗಳಲ್ಲಿ ಬಿಡದಿ ಎಂಬ ಮಾತಿನ ಸೊಗಸೇ ಬೇರೆ. ಬಿಡದಿಯಲ್ಲಿ ಇಳಿದವನು ಬಾಡಿಗೆದಾರನೂ ಅಲ್ಲ, ಮನೆಯವನೂ ಅಲ್ಲ. ಗೌರವಕ್ಕೆ ಪಾತ್ರನಾದ, ಎರಡು ದಿನವಿದ್ದು ಹೋಗುವ ನಂಟ. ಹೋಗುವಾಗ ಅವನು ಮನೆಯವರಿಗೆ ಹೊರೆಯಾಗಿರಬಾರದು. ಮನೆಯವರು ಅವನಿಗೆ ಕೊರತೆ ಮಾಡಿರಬಾರದು. ಕಾಡಿನ ಅಂಚಿನ ತಂಗುಮನೆಗೂ ಇದೇ ನಿಯಮ. ಅಲ್ಲಿ ನಿಜವಾದ ಮನೆಯೊಡೆಯನು ಗುಡ್ಡ, ನೀರು, ಮರ, ಮೃಗಗಳ ಸಮುದಾಯ. ನಾವು ಕಟ್ಟುವ ಕಟ್ಟಡವೇ ಅತಿಥಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ, ಯಾವ ಚೆಲುವನ್ನು ತೋರಿಸಿ ಜನರನ್ನು ಕರೆಯುತ್ತೇವೆಯೋ ಆ ಚೆಲುವನ್ನೇ ಕೆಡಿಸಿದಂತಾಗುವುದು.

ಸ್ಥಳದ ಸ್ವರೂಪ

ಭಾಂಡುಪಿನ ಪಡುವಣದ ಗುಡ್ಡಗಳು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮೂಡಣ ಅಂಚು. ಸುಮಾರು ೧೦೩ ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನೊಳಗೆ ೧೮೬೦ರಲ್ಲಿ ಪೂರ್ಣಗೊಂಡ ವಿಹಾರ ಸರೋವರವೂ ೧೮೭೯ರ ತುಳಸಿ ಸರೋವರವೂ ಇವೆ. ಮಹಾನಗರವು ಕುಡಿಯುವ ನೀರಿನ ಬಹುಭಾಗವು ಶುದ್ಧಿಗೊಳ್ಳುವುದು ಭಾಂಡುಪಿನ ಗುಡ್ಡದಡಿಯ ಜಲಶುದ್ಧೀಕರಣ ಸ್ಥಾವರದಲ್ಲಿ. ಮೂಡಣಕ್ಕೆ ರೈಲುಹಳಿ, ಹೆದ್ದಾರಿಗಳನ್ನು ದಾಟಿದರೆ ಹಳೆಯ ಉಪ್ಪಿನಾಗರಗಳು, ಕಾಂಡ್ಲಾ ಗಿಡಗಳ ಹಸಿರು, ಅದರಾಚೆ ಠಾಣೆಯ ಖಾಡಿ. ಚಳಿಗಾಲದಿಂದ ಬೇಸಗೆಯ ತನಕ ಸಾವಿರಾರು ರಾಜಹಂಸಗಳು ಇಲ್ಲಿನ ಕೆಸರಿನಲ್ಲಿ ಮೇಯುತ್ತವೆ. ೨೦೧೫ರಲ್ಲಿ ಈ ಖಾಡಿಯು ರಾಜಹಂಸಗಳ ಅಭಯಾರಣ್ಯವೆಂದು ಘೋಷಿತವಾಯಿತು. ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೂ ಸೇರಿತು. ಭಾಂಡುಪಿನ ಪಂಪಿಂಗ್ ಸ್ಟೇಷನ್ನಿನ ಸುತ್ತಣ ಪ್ರದೇಶವು ಪಕ್ಷಿವೀಕ್ಷಕರಿಗೆ ಸುಪರಿಚಿತ.

ಹೀಗೆ ಒಂದೇ ಊರಿನಲ್ಲಿ ಬೆಳಗ್ಗೆ ಖಾಡಿಯ ಹಕ್ಕಿಯನ್ನೂ ಸಂಜೆ ಗುಡ್ಡದ ಮರವನ್ನೂ ಕಾಣುವ ಅವಕಾಶವಿದೆ. ಆದುದರಿಂದಲೇ ಗುಡ್ಡದ ಇಳಿಜಾರಿನಲ್ಲಿಯೋ ಖಾಡಿಯ ದಂಡೆಯಲ್ಲಿಯೋ ಮನೆ ಕಟ್ಟುವ ಆಸೆ ಸಹಜ. ಆದರೆ ಆಸೆಗೆ ಅಡ್ಡಲಾಗಿ ಎರಡು ಸಂಗತಿಗಳು ನಿಲ್ಲುತ್ತವೆ.

ಮೊದಲನೆಯದು ಕಾನೂನು. ೨೦೧೬ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಉದ್ಯಾನದ ಸುತ್ತ ಪರಿಸರ-ಸೂಕ್ಷ್ಮ ವಲಯವನ್ನು ಗೊತ್ತುಪಡಿಸಿತು. ಅದರೊಳಗೆ ಹೋಟೆಲು ಮೊದಲಾದ ವಾಣಿಜ್ಯ ಕಟ್ಟಡಗಳಿಗೆ ಬಿಗಿಯಾದ ನಿರ್ಬಂಧಗಳಿವೆ. ಖಾಡಿಯ ಕಡೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ೨೦೧೮ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ವನಗಳ ನಾಶವನ್ನು ನಿಷೇಧಿಸಿ, ಅವುಗಳ ಸುತ್ತ ೫೦ ಮೀಟರಿನ ರಕ್ಷಣಾಪಟ್ಟಿಯನ್ನು ಎತ್ತಿಹಿಡಿಯಿತು. ಎರಡನೆಯದು ನಿಸರ್ಗವೇ ವಿಧಿಸಿದ ಕಾನೂನು. ಇಲ್ಲಿಯ ಗುಡ್ಡಗಳಲ್ಲಿ ಕರಿಗಲ್ಲಿನ ಮೇಲೆ ಸವೆದ ಮೊರಮಿನ ತೆಳುಹೊದಿಕೆಯಿದೆ. ಮಳೆನೀರು ಆ ಹೊದಿಕೆಯಲ್ಲಿ ಇಂಗಿ, ಕೆಳಗಿನ ಬಂಡೆಯನ್ನು ಭೇದಿಸಲಾರದೆ ನಿಂತಾಗ ಮಣ್ಣಿನ ಭಾರವು ಹೆಚ್ಚಿ ಹಿಡಿತವು ಸಡಿಲುತ್ತದೆ. ನೀರಿಳಿಯುವ ತೂತುಗಳಿಲ್ಲದ ತಡೆಗೋಡೆಯು ಆಗ ಅಣೆಕಟ್ಟಿನಂತೆ ನೀರಿನ ಒತ್ತಡವನ್ನು ಹೊತ್ತು, ತಾಳಲಾರದೆ ಉರುಳುತ್ತದೆ. ೨೦೨೧ರ ಜುಲೈ ೧೮ರ ಮಳೆಯಲ್ಲಿ ಚೆಂಬೂರು-ವಿಕ್ರೋಲಿಗಳಲ್ಲಿ ಗೋಡೆಯೂ ಮಣ್ಣೂ ಮನೆಗಳ ಮೇಲೆ ಕುಸಿದು ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಮಡಿದರು. ಅದೇ ದಿನ ಭಾಂಡುಪಿನ ಜಲಶುದ್ಧೀಕರಣ ಸ್ಥಾವರಕ್ಕೆ ನೀರು ನುಗ್ಗಿ ನಗರದ ನೀರಿನ ಸರಬರಾಜು ಅಸ್ತವ್ಯಸ್ತವಾಯಿತು. ಬಡತನದಿಂದ ಗುಡ್ಡದಡಿಯಲ್ಲಿ ಮನೆ ಮಾಡಿದವನ ಸ್ಥಿತಿ ಬೇರೆ; ಹಣ ತೆತ್ತು ಬರುವ ಅತಿಥಿಯನ್ನು ತಿಳಿದೂ ತಿಳಿದೂ ಅಂತಹ ಕಡೆ ಮಲಗಿಸುವುದು ಅಪರಾಧ.

ಆದಕಾರಣ ನಿವೇಶನದ ವಿಷಯದಲ್ಲಿ ನಮ್ಮ ನಿರ್ಣಯ ಸ್ಪಷ್ಟವಾಗಿರಬೇಕು. ಹೊಸ ನೆಲವನ್ನು ಅಗೆಯುವುದು ಬೇಡ. ರೈಲುನಿಲ್ದಾಣಕ್ಕೂ ಗುಡ್ಡಕ್ಕೂ ನಡುವಣ ಸಮತಟ್ಟಿನಲ್ಲಿ, ಈಗಾಗಲೇ ಮನೆಯಿರುವ ಹಿತ್ತಲೊಂದನ್ನು, ಸಾಧ್ಯವಾದರೆ ಹಳೆಯ ಒಂದಂತಸ್ತಿನ ಮನೆಯನ್ನೇ, ಜೀರ್ಣೋದ್ಧಾರ ಮಾಡಿ ಬಿಡದಿಯಾಗಿಸುವುದು ಲೇಸು. ಕಾಡೂ ಖಾಡಿಯೂ ಕಿಟಕಿಯಿಂದ ಕಾಣದಿರಬಹುದು. ನಡೆದೋ ಬಸ್ಸಿನಲ್ಲೋ ಹೋಗಿ ನೋಡಿ ಬರಬಹುದು. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ 'ನಿವಾಸ-ನ್ಯಾಹಾರಿ' ಯೋಜನೆಯು ಮನೆಯವರು ತಮ್ಮ ಮನೆಯ ಕೋಣೆಗಳನ್ನು ಪ್ರವಾಸಿಗಳಿಗೆ ಒದಗಿಸುವುದಕ್ಕಾಗಿಯೇ ಇರುವಂಥದು. ಮಿತವಾದ ಬಂಡವಾಳದವರಿಗೆ ಈ ಮಾರ್ಗವೇ ಯುಕ್ತ.

ಎಷ್ಟು ದೊಡ್ಡದು?

ಕೋಣೆಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಸಾಲದ ಕಂತಿನಿಂದ ಲೆಕ್ಕ ಹಾಕುತ್ತಾರೆ. ನೀರಿನಿಂದ ಲೆಕ್ಕ ಹಾಕುವುದು ಮೇಲು. ಮುಂಬಯಿಯ ಉಪನಗರಗಳಲ್ಲಿ ವರ್ಷಕ್ಕೆ ೨,೨೦೦ ಮಿಲಿಮೀಟರಿಗೆ ಕಡಮೆಯಿಲ್ಲದಂತೆ ಮಳೆ ಬೀಳುವುದು ವಾಡಿಕೆ. ಅದೂ ಬಹುಮಟ್ಟಿಗೆ ಜೂನಿನಿಂದ ಸೆಪ್ಟೆಂಬರಿನ ತನಕ ನಾಲ್ಕೇ ತಿಂಗಳಲ್ಲಿ. ನೂರು ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ೨,೨೦,೦೦೦ ಲೀಟರು. ಐದರಲ್ಲೊಂದು ಪಾಲು ಸಿಡಿದು, ಆರಿ, ತೊಳೆದು ಹೋಯಿತೆಂದರೂ ೧,೭೬,೦೦೦ ಲೀಟರು ಉಳಿಯುತ್ತದೆ. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ ೧೮೦ ಲೀಟರು ಬೇಕೆಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಮಾನ. ನಾಲ್ಕು ಕೋಣೆಗಳಲ್ಲಿ ಎಂಟು ಜನರಿದ್ದರೆ ದಿನಕ್ಕೆ ೧,೪೪೦ ಲೀಟರು. ಅಂದರೆ ಆ ಮಾಡಿನ ನೀರು ೧೨೨ ದಿನಗಳ ಬಳಕೆಗೆ ಸಮ. ಮಳೆಗಾಲವೂ ಹೆಚ್ಚುಕಡಮೆ ಅಷ್ಟೇ ದಿನ!

ಇದು ಕಾಗದದ ಮೇಲಿನ ಲೆಕ್ಕವೆಂಬುದನ್ನು ಮರೆಯಬಾರದು. ಒಂದೇ ದಿನ ೧೦೦ ಮಿಲಿಮೀಟರು ಸುರಿದರೆ ಆ ಮಾಡಿನಿಂದ ೧೦,೦೦೦ ಲೀಟರು ಇಳಿಯುತ್ತದೆ. ೧೫,೦೦೦ ಲೀಟರಿನ ತೊಟ್ಟಿಯು ಒಂದೂವರೆ ದಿನದಲ್ಲಿ ತುಂಬಿ ಉಕ್ಕೀತು. ಉಕ್ಕಿದ್ದನ್ನು ಇಂಗುಗುಂಡಿಗೆ ಬಿಡಬೇಕು. ಹಾಗಿದ್ದೂ ಅಂತಹ ತೊಟ್ಟಿಯು ಮಳೆ ಬಿಡುವು ಕೊಟ್ಟ ಹತ್ತು ದಿನಗಳನ್ನು ನಿಭಾಯಿಸಬಲ್ಲುದು. ಹೀಗೆ ವರ್ಷದ ಮೂರನೆಯ ಒಂದು ಪಾಲಿನಲ್ಲಿ ನಗರದ ನಲ್ಲಿಯ ಮೇಲಣ ಭಾರ ಬಹಳಷ್ಟು ತಗ್ಗುತ್ತದೆ. ಅದೇ ಮಾಡಿನ ಕೆಳಗೆ ಎಂಟು ಕೋಣೆಗಳನ್ನು ತುರುಕಿದರೆ ಲಾಭವು ಅರ್ಧಕ್ಕಿಳಿಯುತ್ತದೆ. ಗುಡ್ಡದ ಮೇಲಿನ ಬಡಾವಣೆಗಳಿಗೆ ನೀರು ಏರುವುದೇ ಕಷ್ಟವಾಗಿರುವ ಊರಿನಲ್ಲಿ, ನೆರೆಯವರ ಕೊಡದ ನೀರನ್ನು ಅತಿಥಿಯ ಸ್ನಾನಕ್ಕೆ ಸೆಳೆಯುವುದು ಸಭ್ಯತೆಯಲ್ಲ. ಆದುದರಿಂದ ನಾಲ್ಕೇ ಕೋಣೆ ಸಾಕು. ತೊಟ್ಟಿಗೆ ಸೊಳ್ಳೆ ನುಸುಳದಂತಹ ಬಿಗಿಯಾದ ಮುಚ್ಚಳವಿರುವುದು ಅವಶ್ಯ. ಮುಂಬಯಿಯ ಮಲೇರಿಯಾದ ಸೊಳ್ಳೆಯು ಇಂತಹ ತಿಳಿನೀರಿನ ತೊಟ್ಟಿಗಳಲ್ಲಿಯೇ ಮರಿಮಾಡುತ್ತದೆ.

ಬಿಸಿಲು, ಗಾಳಿ, ಮಳೆ

ಭಾಂಡುಪು ಭೂಮಧ್ಯರೇಖೆಯಿಂದ ೧೯ ಡಿಗ್ರಿ ಬಡಗಣಕ್ಕಿದೆ. ಮೇ ತಿಂಗಳ ಮಧ್ಯದಲ್ಲೊಮ್ಮೆ, ಜುಲೈ ತಿಂಗಳ ಕೊನೆಯಲ್ಲೊಮ್ಮೆ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನಡುವಣ ಅವಧಿಯಲ್ಲಿ ನೆತ್ತಿಗಿಂತ ತುಸು ಬಡಗಣಕ್ಕೆ ಸರಿಯುತ್ತಾನೆ. ಡಿಸೆಂಬರಿನಲ್ಲಿ ತೆಂಕಣಕ್ಕೆ ಬಾಗಿ, ದಿಗಂತದಿಂದ ಸುಮಾರು ೪೭ ಡಿಗ್ರಿ ಎತ್ತರದಲ್ಲಿರುತ್ತಾನೆ. ಈ ಕೋನದಿಂದ ಲೆಕ್ಕ ಹಾಕಿದರೆ, ತೆಂಕಣ ಗೋಡೆಯ ನಾಲ್ಕಡಿ ಎತ್ತರದ ಕಿಟಕಿಗೆ ಮೂರೂಮುಕ್ಕಾಲು ಅಡಿಯ ಸೂರು ಇದ್ದರೆ ವರ್ಷದ ಯಾವ ದಿನದ ನಡುಹಗಲಿನಲ್ಲಿಯೂ ಬಿಸಿಲು ಒಳಗೆ ಬೀಳದು. ಮೂಡಣ-ಪಡುವಣಗಳ ಓರೆಬಿಸಿಲನ್ನು ಸೂರು ತಡೆಯಲಾರದು; ಅಲ್ಲಿ ಜಗಲಿ, ಬಿದಿರಿನ ತಟ್ಟಿ, ಮರಗಳೇ ಗತಿ. ಪಡುವಣದ ಗುಡ್ಡವು ಇಳಿಹೊತ್ತಿನಲ್ಲಿ ತಾನೇ ನೆರಳು ನೀಡುವುದು ಗುಡ್ಡದಡಿಯ ಮನೆಗಳಿಗೆ ದೊರೆತ ಭಾಗ್ಯ.

ಈ ಊರಿನ ಸೆಕೆಯಲ್ಲಿ ಬಿಸಿಗಿಂತ ತೇವದ ಪೀಡೆ ಹೆಚ್ಚು. ಬೆವರು ಆರಬೇಕಾದರೆ ಗಾಳಿಯಾಡಬೇಕು. ಪ್ರತಿ ಕೋಣೆಗೂ ಎದುರುಬದುರಾದ ಎರಡು ಗೋಡೆಗಳಲ್ಲಿ ತೆರಪುಗಳಿರಲಿ. ಬಿಸಿಗಾಳಿ ಮೇಲೇರಿ ಹೊರಹೋಗುವಂತೆ ಮಾಡಿನಡಿಯಲ್ಲಿ ಜಾಲಂಧ್ರಗಳಿರಲಿ. ಕರಾವಳಿಯ ನಮ್ಮ ಹಿರಿಯರು ಈ ಸೂತ್ರಗಳನ್ನು ಪುಸ್ತಕದಿಂದ ಕಲಿತವರಲ್ಲ. ತುಳುನಾಡಿನ ಗುತ್ತಿನ ಮನೆಯ ಇಳಿಮಾಡು, ಸುತ್ತುಜಗಲಿ, ಚಾವಡಿ, ನಡುವಣ ಅಂಗಳ ಇವೆಲ್ಲ ಇಂತಹುದೇ ಮಳೆಗೂ ಸೆಕೆಗೂ ಕೊಟ್ಟ ಉತ್ತರಗಳು. ಭಾಂಡುಪು, ಮುಲುಂಡಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರ ಪೈಕಿ ಹಲವರ ಅಜ್ಜನ ಮನೆ ಅಂತಹದೇ ಆಗಿತ್ತು. ಆ ಮನೆಯ ಪ್ರತಿಕೃತಿಯನ್ನು ಇಲ್ಲಿ ನಿಲ್ಲಿಸಬೇಕಾಗಿಲ್ಲ. ಅದರ ನೀತಿಯನ್ನು ಅನುಸರಿಸಿದರೆ ಸಾಕು. ಆರೇಳು ಅಡಿ ಅಗಲದ ಜಗಲಿಯೊಂದು ಮನೆಯನ್ನು ಬಳಸಿ ಬಂದರೆ ಗೋಡೆ ನೆನೆಯುವುದಿಲ್ಲ. ಮಳೆಯಲ್ಲಿಯೂ ಕಿಟಕಿ ತೆರೆದಿಡಬಹುದು. ಅತಿಥಿಗಳು ಒಬ್ಬರನ್ನೊಬ್ಬರು ಕಂಡು ಮಾತಾಡುವ ಎಡೆಯೂ ಆಗುತ್ತದೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆಯಾದುದನ್ನು ನೆನೆದು, ತಳಗಟ್ಟನ್ನು ಬೀದಿಯ ಮಟ್ಟದಿಂದ ಚೆನ್ನಾಗಿ ಎತ್ತರಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸಾಮಗ್ರಿ

ತಳಗಟ್ಟಿಗೆ ಈ ಸೀಮೆಯ ಕರಿಗಲ್ಲು ಉತ್ತಮ. ಕೆಡವಿದ ಮನೆಗಳ ಹಳೆಯ ಕಲ್ಲು ಸಿಕ್ಕರೆ ಇನ್ನೂ ಉತ್ತಮ. ಗೋಡೆಗೆ ಸುಣ್ಣದ ಗಾರೆಯನ್ನು ಬಳಿದರೆ ಒಳಗಿನ ತೇವವು ಗೋಡೆಯ ಮೂಲಕ ಆರಿಹೋಗುತ್ತದೆ. ಪ್ಲಾಸ್ಟಿಕ್ ಬಣ್ಣವು ಅದನ್ನು ಒಳಗೇ ಕೂಡಿಹಾಕಿ ಹೊಪ್ಪಳೆ ಎಬ್ಬಿಸುತ್ತದೆ. ಮಾಡಿಗೆ ಮಂಗಳೂರು ಹಂಚು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟ ಈ ಹಂಚು ಹಡಗೇರಿ ಮುಂಬಯಿಗೂ ಬಂದು ಇಲ್ಲಿನ ಮಾಡುಗಳನ್ನು ಕೆಂಪಾಗಿಸಿತು. ಕನ್ನಡ ಕರಾವಳಿಯ ಜನರೂ ಹಂಚೂ ಒಂದೇ ದಾರಿಯಿಂದ ಈ ನಗರಕ್ಕೆ ಬಂದವೆನ್ನಬಹುದು. ಬಿದಿರನ್ನು ಬಳಸುವವರು ಮೂರು ವರ್ಷ ಬಲಿತ ಗಳುವನ್ನು ಒಣಗಾಲದಲ್ಲಿ ಕಡಿಸಿ, ನೀರಿನಲ್ಲಿ ನೆನೆಸಿ ಪಿಷ್ಟವನ್ನು ಕಳೆದು, ಬೋರಾಕ್ಸ್-ಬೋರಿಕ್ ಆಮ್ಲಗಳ ದ್ರಾವಣವನ್ನು ಕುಡಿಸಬೇಕು. ಹಾಗೆ ಮಾಡದ ಬಿದಿರನ್ನು ಹುಳುವು ಬೇಗನೆ ಹಿಟ್ಟುಮಾಡುತ್ತದೆ.

ಗುಡ್ಡದ ವಾರಲಿ ಜನರ ಗುಡಿಸಲುಗಳಲ್ಲಿ ಕಾರ್ವಿ ಗಿಡದ ಕಡ್ಡಿಗಳನ್ನು ಹೆಣೆದು ಮಣ್ಣು-ಸೆಗಣಿ ಮೆತ್ತಿದ ಗೋಡೆಗಳನ್ನು ಕಾಣಬಹುದಾಗಿತ್ತು. ಕಾರ್ವಿಯು ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಸಸ್ಯ. ೨೦೧೬ರಲ್ಲಿಯೂ ೨೦೨೪ರಲ್ಲಿಯೂ ಇಲ್ಲಿಯ ಕಾಡು ಅದರಿಂದ ನೇರಿಳೆಯಾಯಿತು. ಈ ಗೋಡೆಯ ವಿಧಾನವನ್ನು ಮೆಚ್ಚಿ, ಕಾಡಿನಿಂದ ಕಡ್ಡಿ ತರಿಸುವ ಮೋಹಕ್ಕೆ ಯಾರೂ ಒಳಗಾಗಬಾರದು. ಬಡವನ ಗುಡಿಸಲಿಗೆ ಕಾಡು ಕೊಡಬಲ್ಲಷ್ಟನ್ನು ವ್ಯಾಪಾರಕ್ಕೆ ಕೊಡಲಾರದು. ಉದ್ಯಾನದಿಂದ ಅದನ್ನು ತೆಗೆಯುವುದು ಕಾನೂನಿಗೂ ವಿರುದ್ಧ.

ಒಳಾಂಗಣ ಮತ್ತು ಕೈಕಸುಬು

ಕೈಕೆಲಸದ ಅಲಂಕಾರವೆಂದರೆ ಗೋಡೆಯ ತುಂಬ ಗೊಂಬೆ ತೂಗುಹಾಕುವುದೆಂಬ ಭ್ರಾಂತಿ ಪ್ರಬಲವಾಗಿದೆ. ಕಸುಬಿಗೆ ನಿಜವಾದ ಗೌರವವು ಅದನ್ನು ಬಳಸುವುದರಲ್ಲಿದೆ. ಚನ್ನಪಟ್ಟಣದ ಕುಶಲಿಗಳು ಹಗುರವಾದ ಆಲೆಮರವನ್ನು ತಿರುಗಣೆಯ ಮೇಲೆ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಕಾವಿನಿಂದ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಬಟ್ಟೆ ತೂಗುವ ಗೂಟ, ಕಪಾಟಿನ ಹಿಡಿ, ದೀಪದ ಕಂಬ ಇವಕ್ಕೆ ಈ ಕೆಲಸ ಬಲು ಒಪ್ಪುತ್ತದೆ. ಅರಗು ಬಿಸಿಗೂ ಸ್ಪಿರಿಟ್ಟಿಗೂ ಸಾಬೂನಿನ ಕ್ಷಾರಕ್ಕೂ ಕೆಡುವುದರಿಂದ ಬಚ್ಚಲಲ್ಲಿಯೂ ಕಾಫಿಯ ಮೇಜಿನ ಮೇಲೂ ಅದು ಬೇಡ. ನೆಲಕ್ಕೆ ನವಲಗುಂದದ ಜಮಖಾನೆ: ಹೆಂಗಸರು ಮನೆಯ ಮಗ್ಗದಲ್ಲಿ ನೇಯುವ, ನವಿಲು-ಪಗಡೆಹಾಸುಗಳ ಚಿತ್ತಾರದ ಹತ್ತಿಯ ಹಾಸು. ಮಳೆಗಾಲದ ಮೊದಲು ಒಣಗಿಸಿ ಎತ್ತಿಡುವುದು, ಆಗ ಬರಿನೆಲ ಬಿಡುವುದು ವಿವೇಕ. ಹೊದಿಕೆಗೆ ಬಡಗಣ ಕರ್ನಾಟಕದ ಕೌದಿ: ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಇದಕ್ಕಿಂತ ಮೆತ್ತನೆಯದೂ ತೊಳೆಯಲು ಸುಲಭವಾದುದೂ ಬೇರೆ ಯಾವುದಿದೆ?

ಗೋಡೆಯ ಚಿತ್ರದ ವಿಷಯದಲ್ಲಿ ಕುತೂಹಲಕರವಾದ ಸಾದೃಶ್ಯವೊಂದಿದೆ. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಯ ಬಿಳುಪಿನಲ್ಲಿ ಹಸೆಚಿತ್ತಾರವನ್ನು ಬರೆಯುತ್ತಾರೆ. ವಾರಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಬಿದಿರಕಡ್ಡಿಯಿಂದ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಮದುವೆಯ ಚೌಕವನ್ನು ಬರೆಯುತ್ತಾರೆ. ನೂರಾರು ಮೈಲಿ ದೂರದ ಎರಡು ಜನಪದಗಳು ಮದುವೆಯೆಂಬ ಒಂದೇ ನಿಮಿತ್ತಕ್ಕೆ, ಒಂದೇ ಅಕ್ಕಿಯಿಂದ, ರೇಖೆಯ ಜ್ಯಾಮಿತಿಯನ್ನು ಕಂಡುಕೊಂಡಿವೆ. ೧೯೭೦ರ ದಶಕದಿಂದೀಚೆಗೆ ಜಿವ್ಯಾ ಸೋಮಾ ಮಾಶೆಯವರು ವಾರಲಿ ಚಿತ್ರವನ್ನು ಗೋಡೆಯಿಂದ ಕಾಗದಕ್ಕೆ ತಂದು ಲೋಕವಿಖ್ಯಾತಗೊಳಿಸಿದರು. ೨೦೧೧ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಭಾಂಡುಪಿನ ಬಿಡದಿಯ ಚಾವಡಿಯಲ್ಲಿ ಈ ಎರಡು ಚಿತ್ರಗಳೂ ಎದುರುಬದುರಾಗಿದ್ದರೆ, ಮರಾಠಿ ನೆಲದಲ್ಲಿ ಬಾಳುವ ಕನ್ನಡಿಗನ ಮನೆಗೆ ಅದಕ್ಕಿಂತ ತಕ್ಕ ಲಾಂಛನ ಬೇರಿಲ್ಲ. ಆದರೆ ಅವನ್ನು ಬಣ್ಣದ ಅಂಗಡಿಯ ಅಚ್ಚಿನಿಂದ ಒತ್ತಿಸಬಾರದು. ಬರೆಯಬಲ್ಲವರನ್ನೇ ಕರೆಸಿ, ದಿನಗೂಲಿಯ ದರದಲ್ಲಲ್ಲದೆ ಕಲಾವಿದರ ದರದಲ್ಲಿ ಹಣ ಕೊಟ್ಟು, ಚಿತ್ರದ ಕೆಳಗೆ ಅವರ ಹೆಸರನ್ನು ಬರೆಸಬೇಕು. ಕಸುಬಿನವನಿಗೆ ಅನ್ನ ದೊರೆಯದಿದ್ದರೆ ಕಸುಬಿನ ಪ್ರೀತಿಯೆಂಬುದು ಬರಿಯ ಮಾತು.

ಈ ವಿಚಾರದಲ್ಲಿ ನಮ್ಮವರದೇ ಎರಡು ಮಾದರಿಗಳಿವೆ. ಮಣಿಪಾಲದ ವಿಜಯನಾಥ ಶೆಣೈಯವರು (೧೯೩೪-೨೦೧೭) ಕೆಡವಲ್ಪಡುತ್ತಿದ್ದ ಹಳೆಯ ಮನೆಗಳ ಕಂಬ-ಬಾಗಿಲುಗಳನ್ನು ಉಳಿಸಿ ತಂದು 'ಹಸ್ತಶಿಲ್ಪ'ವೆಂಬ ತಮ್ಮ ಮನೆಯನ್ನು ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿ ಪಾರಂಪರಿಕ ಗ್ರಾಮವನ್ನು ರಚಿಸಿದರು. ಅವರು ತಂದುದು ನಾಶವಾಗಲಿದ್ದುದನ್ನು. ಇಂದಿನ ಕೆಲವರು ಅಲಂಕಾರಕ್ಕಾಗಿ ನಿಂತ ಮನೆಯ ಬಾಗಿಲನ್ನೇ ಕೊಂಡು ಕೀಳಿಸುತ್ತಾರೆ. ಇವೆರಡರ ಅಂತರವನ್ನು ಅರಿಯಬೇಕು. ಇನ್ನೊಂದು, ಕರ್ನಾಟಕ ಸರಕಾರದ ಆಶ್ರಯದಲ್ಲಿ ೧೯೮೦ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯದು. ಅದು ಕಬಿನಿಯ ದಂಡೆಯ ಕಾರಾಪುರದಲ್ಲಿ ಮೈಸೂರು ಅರಸರ ಹಳೆಯ ಬೇಟೆಯ ಬಿಡಾರವನ್ನು ಪ್ರಾಣಿದರ್ಶನಕ್ಕೆ ಬಂದವರ ವಸತಿಯಾಗಿಸಿತು. ಇದ್ದ ಕಟ್ಟಡದ ಉದ್ದೇಶವನ್ನು ಕೊಲ್ಲುವುದರಿಂದ ನೋಡುವುದಕ್ಕೆ ತಿರುಗಿಸಿದ ಈ ಕಾರ್ಯವು ನಮಗೆ ಪಾಠ.

ಚಿರತೆಯ ನೆರೆಹೊರೆ

ಕೊನೆಯದಾಗಿ, ಈ ಊರಿನ ವಿಶೇಷವಾದ ನೆರೆಯವನೊಬ್ಬನ ಮಾತು. ಉದ್ಯಾನದ ಚಿರತೆಗಳು ರಾತ್ರಿ ಕಾಡಿನಂಚಿನ ಬಡಾವಣೆಗಳ ತನಕ ಬರುತ್ತವೆ. ಅವನ್ನು ಕರೆಯುವುದು ಮನುಷ್ಯನ ಮಾಂಸವಲ್ಲ, ಮನುಷ್ಯನ ಕಸ. ಕಸಕ್ಕೆ ನಾಯಿ, ನಾಯಿಗೆ ಚಿರತೆ. ಸರಪಣಿಯ ಮೊದಲ ಕೊಂಡಿಯು ಅಡಿಗೆಮನೆಯ ಹಿಂಬಾಗಿಲಲ್ಲಿದೆ. ಅತಿಥಿಗೃಹದಲ್ಲಿ ಎಂಜಲು ಹೆಚ್ಚು. ಆದುದರಿಂದ ಅದನ್ನು ಬಿಗಿಯಾದ ಮುಚ್ಚಳದ ತೊಟ್ಟಿಯಲ್ಲಿ ಗೊಬ್ಬರವಾಗಿಸುವ ಏರ್ಪಾಡು ಕಟ್ಟಡದ ನಕ್ಷೆಯಲ್ಲಿಯೇ ಇರಬೇಕು, ಆಮೇಲೆ ಹೊಳೆದ ವಿಚಾರವಾಗಬಾರದು. ದೀಪಗಳು ಕಾಲುದಾರಿಯ ಮಟ್ಟದಲ್ಲಿ, ನೆಲದತ್ತ ಮುಖಮಾಡಿ, ಹೊಂಬಣ್ಣದವಾಗಿರಲಿ. ಮರಗಳಿಗೆ ಬೆಳಕು ಹಾಯಿಸುವ ಚಾಳಿಯು ಹಕ್ಕಿಗೂ ಹುಳುವಿಗೂ ಹಿಂಸೆ. ಹಿತ್ತಲಲ್ಲಿ ಈ ಗುಡ್ಡದವೇ ಆದ ಬೂರುಗ, ಮುತ್ತುಗ, ಹೊಂಗೆಗಳನ್ನು ನೆಡಬೇಕು. ಫಾಲ್ಗುಣದಲ್ಲಿ ಹೂಬಿಟ್ಟ ಬೂರುಗವೊಂದಿದ್ದರೆ ಹಕ್ಕಿಗಳನ್ನು ಕಾಣಲು ಅತಿಥಿಯು ಕುರ್ಚಿಯಿಂದ ಏಳಬೇಕಾಗಿಲ್ಲ.

೧೯೪೨ರಲ್ಲಿ ಮಾಟುಂಗಾದಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಮನೆಗಳ ಮೂಲಕ ಕನ್ನಡ ಕರಾವಳಿಯವರು ಈ ನಗರಕ್ಕೆ ಉಣಬಡಿಸಿ ಹೆಸರಾದರು. ಬಾಳೆಯೆಲೆ, ಚೊಕ್ಕಟತನ, ಮಿತವಾದ ಬೆಲೆಗಳೇ ಅವರ ಅಲಂಕಾರ. ಅವರ ಮೊಮ್ಮಕ್ಕಳು ಇಂದು ಉಣಿಸುವುದರಿಂದ ತಂಗಿಸುವುದರ ಕಡೆಗೆ ಹೆಜ್ಜೆಯಿಡುವುದಾದರೆ ಅದು ಸ್ವಾಗತಾರ್ಹ. ಆದರೆ ಹೆಜ್ಜೆಯನ್ನು ಇಡುವ ಮುನ್ನ ಗುಡ್ಡಕ್ಕೆ ಬೆನ್ನುಕೊಟ್ಟು ಒಂದು ಮಳೆಗಾಲವನ್ನು ಕಳೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಕಣ್ಣಾರೆ ಕಂಡು, ನೆರೆಯವರ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ಕೇಳಿ ತಿಳಿದು, ಆಮೇಲೆ ನಕ್ಷೆಗೆ ಕೈಹಚ್ಚುವುದು ಒಳಿತು. ಆ ಒಂದು ವರ್ಷದ ತಾಳ್ಮೆಗೆ ಆಗುವ ಖರ್ಚು ಕಟ್ಟಡದ ಖರ್ಚಿನಲ್ಲಿ ಅತ್ಯಲ್ಪ. ಅದರಿಂದ ಉಳಿಯುವುದು ಅತ್ಯಧಿಕ.